ದೋಣಿ ರುದ್ರಣ್ಣನ ಜೊತೆ ನೇಪಾಳಕ್ಕೆ

ನಾನು ಹೇಳುವುದನ್ನು ನಂಬಬೇಡಿ. ನಿಮ್ಮಿಂದ ಆಗುತ್ತದಾ ನೋಡೋಣ. ಹೊಳಲ್ಕೆರೆಯಿಂದ ಹಿರಿಯೂರಿನವರೆಗೆ ನನ್ನ ಮಾತು ನಂಬಿ ಬೇಸ್ತು ಬಿದ್ದವರನ್ನು ಸಾಲಾಗಿ ನಿಲ್ಲಿಸಿದರೆ ಆ ಸಾಲು ಚಿತ್ರದುರ್ಗದ ಕೋಟೆಯನ್ನು ಎರಡು ಸುತ್ತು ಬರುತ್ತದೆ. ಬಿ.ದುರ್ಗದ ಒಂದು ಮದುವೆಯಲ್ಲಿ ಗಂಡಿನ ಕಡೆಯವರ ಚಪ್ಪಲಿ ಅದಲುಬದಲಾಗಿವೆ ಎಂದು ಮೈಕಿನಲ್ಲಿ ಹೇಳಿ, ಪಂಕ್ತಿಗೆ ಕೂತವರೆಲ್ಲ ಬಾಗಿಲಿಗೆ ಓಡಿದಾಗ, ನಿಧಾನವಾಗಿ ಹೋಗಿ ಮೊದಲ ಎಲೆಗೆ ಕೂತವನು ನಾನು. ಜೋಗಿಮಟ್ಟಿಯ ಮೇಲೆ ಹಿಮ ಬಿದ್ದಿದೆ ಎಂದು ನಂಬಿಸಿ ಒಬ್ಬ ಮೇಷ್ಟ್ರಿಗೆ ಸ್ವೆಟರ್ ಹಾಕಿಸಿ ಬೆಟ್ಟ ಹತ್ತಿಸಿದವನೂ ನಾನೇ.

ಹೊಸದುರ್ಗದಲ್ಲಿ ನನ್ನದು ಮೈಕ್ ಸೆಟ್ ಅಂಗಡಿ. ಮದುವೆ, ತಿಥಿ, ಗ್ರಾಮಸಭೆ, ಏನೇ ಇದ್ದರೂ ಹಾರ್ನು ಕಟ್ಟುವುದೂ ನಾನೇ, ಮೊದಲು ಬಾಯಿ ಬಿಡುವುದೂ ನಾನೇ. ಜನ ಮೈಕ್ ಬಸಣ್ಣ ಎನ್ನುತ್ತಾರೆ. ವಯಸ್ಸು ಎಪ್ಪತ್ತು ದಾಟಿದೆ. ನಾಲಿಗೆಗೆ ಮಾತ್ರ ಇನ್ನೂ ಇಪ್ಪತ್ತು.

ಈಗ ಕೇಳಿ. ಪಾಸ್‌ಪೋರ್ಟ್ ಇಲ್ಲದೆ ನಾನು ವಿದೇಶಕ್ಕೆ ಹೋಗಿ ಬಂದೆ. ಅಲ್ಲಿ ಒಂದಿಡೀ ಊರು ನನ್ನನ್ನು ಒಬ್ಬನನ್ನೇ ಬಿಟ್ಟು ಓಡಿಹೋಯಿತು. ಈ ಬರಹದಲ್ಲಿ ಒಂದೇ ಒಂದು ಸುಳ್ಳಿದೆ. ಯಾವುದು ಅಂತ ಕೊನೆಯಲ್ಲಿ ನಾನೇ ಹೇಳುತ್ತೇನೆ. ಅಲ್ಲಿಯವರೆಗೆ ನೀವೇ ಹುಡುಕಿಕೊಳ್ಳಿ.

ಹೊಸದುರ್ಗ ರೋಡ್ ಸ್ಟೇಷನ್

ರೈಲಿಗೆ ಕಾಯುತ್ತಾ ಬೆಂಚಿನ ಮೇಲೆ ಮೂವರು ಕೂತಿದ್ದೆವು. ನಾನು, ಹೊಸದುರ್ಗದ ಪಕ್ಕದ ನಮ್ಮ ಹಳ್ಳಿಯ ರುದ್ರಣ್ಣ, ಮತ್ತು ನಮ್ಮನ್ನು ಕರೆದೊಯ್ಯುತ್ತಿದ್ದ ಕವಿತಾ ಮೇಡಂ. ಕವಿತಾ ಚಿತ್ರದುರ್ಗದ ಒಂದು ಸಂಸ್ಥೆಯಲ್ಲಿ ಕೆಲಸ ಮಾಡುವ ಹುಡುಗಿ. ನನ್ನ ಮೊಮ್ಮಗಳ ವಯಸ್ಸು. ನನ್ನನ್ನು ತಾತ ಎನ್ನುತ್ತಾಳೆ, ಹೇಳಿದ್ದರಲ್ಲಿ ಅರ್ಧ ಮಾತ್ರ ನಂಬುತ್ತಾಳೆ. ಬುದ್ಧಿವಂತೆ.

ರುದ್ರಣ್ಣನ ವಿಷಯ ಹೇಳದೆ ರೈಲು ಹತ್ತುವ ಹಾಗಿಲ್ಲ. ಅವನು ನಮ್ಮೂರ ಕೆರೆಯ ನೀರುಗಂಟಿ. ತೂಬು ತೆಗೆದು ಮುಚ್ಚುವುದು, ಗದ್ದೆಗಳಿಗೆ ಸರದಿಯಲ್ಲಿ ನೀರು ಬಿಡುವುದು ಅವನ ಅಪ್ಪನ ಕಾಲದಿಂದ ಬಂದ ಕೆಲಸ. ಕೆರೆ ತುಂಬಿ ಹೆಚ್ಚಾದ ನೀರು ಕೋಡಿಯ ಮೇಲಿಂದ ಧುಮುಕಿ ಹರಿಯುವ ದಾರಿಗೆ ನಮ್ಮಲ್ಲಿ ಕೋಡಿ ಹಳ್ಳ ಎನ್ನುತ್ತಾರೆ. ನಮ್ಮ ಕೆರೆ ತುಂಬಿ ಎಷ್ಟು ಕಾಲವಾಗಿತ್ತೆಂದರೆ, ಆ ಹಳ್ಳದಲ್ಲಿ ಕ್ರಿಕೆಟ್ ಆಡಿದ ಹುಡುಗರ ಮಕ್ಕಳೂ ಅಲ್ಲೇ ಕ್ರಿಕೆಟ್ ಆಡುತ್ತಿದ್ದರು. ಸಮತಟ್ಟು ಜಾಗ, ರಸ್ತೆಗೆ ಹತ್ತಿರ. ಮನೆಯಿಲ್ಲದವರಿಗೆ ಅಲ್ಲೇ ಸೈಟು ಹಂಚುವುದು ಎಂದು ಪಂಚಾಯಿತಿ ಗ್ರಾಮಸಭೆ ಕರೆಯಿತು.

ಸಭೆಯಲ್ಲಿ ಎಲ್ಲರೂ ಆಗಲಿ ಎಂದರು. ಕೊನೆಗೆ ರುದ್ರಣ್ಣ ಎದ್ದು ನಿಂತ. ಮಾತಾಡುವವನೇ ಅಲ್ಲ. "ಅದು ನೀರಿನ ದಾರಿ ಐತ್ರಿ. ಇವತ್ತಿಲ್ದಿದ್ರೆ ನಾಳೆ ಬರ್ತೈತೆ. ಅಲ್ಲಿ ಮನೆ ಬ್ಯಾಡ್ರಿ" ಎಂದ. ಸಭೆ ಒಂದು ಕ್ಷಣ ಸುಮ್ಮನಾಯಿತು. ಆ ಸುಮ್ಮನಿರುವಿಕೆ ಇನ್ನೊಂದು ನಿಮಿಷ ಇದ್ದಿದ್ದರೆ ಯಾರಾದರೂ ಒಬ್ಬರು ಹೌದಲ್ಲ ಎನ್ನುತ್ತಿದ್ದರು.

ಆದರೆ ಮೈಕು ನನ್ನ ಕೈಯಲ್ಲಿತ್ತು. ಮದುವೆ ಮನೆಯ ದನಿಯಲ್ಲಿ ಶುರು ಮಾಡಿದೆ. "ಮಹಾಜನರಲ್ಲಿ ವಿನಂತಿ. ಕೋಡಿ ಹಳ್ಳದಾಗೆ ಸೈಟ್ ತಗಣೋರು ಒಂದೊಂದು ದೋಣಿನೂ ತಗಬೇಕಂತೆ. ದೋಣಿ ನಡೆಸೋಕೆ ನಮ್ ರುದ್ರಣ್ಣ ಒಪ್ಪವ್ನೆ."

ಜನ ನಕ್ಕ ನಗೆ ನಾಲ್ಕು ಹಾರ್ನಿನಲ್ಲೂ ಕೇಳಿಸಿತು. ಅಧ್ಯಕ್ಷರು ಕಣ್ಣೊರೆಸಿಕೊಂಡರು. ರುದ್ರಣ್ಣನೂ ಹೆಗಲ ಮೇಲಿನ ಟವೆಲ್ಲನ್ನು ಬಾಯಿಗೆ ಹಿಡಿದು ನಕ್ಕು ಕೂತ. ಅವತ್ತಿನಿಂದ ಊರಿಗೆ ಅವನು ದೋಣಿ ರುದ್ರಣ್ಣ. ಅವನ ಮಗಳು ಮಂಜುಳಳನ್ನು ಊರಲ್ಲೇ ಕೊಟ್ಟಿದ್ದರು. ಅವಳಿಗೂ ಹಳ್ಳದಲ್ಲಿ ಸೈಟು ಬಂತು. ಬೇಡ ಎಂದ ಅಪ್ಪನಿಗೆ ಅವಳೂ ನಗುತ್ತಲೇ ಹೇಳಿದಳಂತೆ, "ನೀರು ಬಂದ್ರೆ ನೀನೇ ದೋಣಿ ತಗಂಡ್ ಬಾರಪ್ಪ."

ಹಿರಿಯೂರಿನ ಮಾರಿಕಣಿವೆ ಡ್ಯಾಮು ಎಷ್ಟೋ ದಶಕದ ಮೇಲೆ ಕೋಡಿ ಬಿದ್ದು, ಜನ ಗಾಡಿ ಮಾಡಿಕೊಂಡು ನೋಡಲು ಹೋದರಲ್ಲ, ಆ ಮಳೆಗಾಲದಲ್ಲೇ ನಮ್ಮ ಕೆರೆಯೂ ತುಂಬಿತು. ನಾನು ಹಿರಿಯೂರಿನಲ್ಲಿದ್ದೆ. ಧುಮುಕುವ ನೀರಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ನೆಂಟರ ಮನೆಯಲ್ಲಿ ಉಳಿದಿದ್ದೆ. ಇತ್ತ ಬೆಳಕು ಹರಿಯುವ ಹೊತ್ತಿಗೆ ಕೋಡಿ ಹಳ್ಳಕ್ಕೆ ತನ್ನ ದಾರಿ ನೆನಪಾಯಿತು. ಮಂಜುಳ ಎಮ್ಮೆ ಕರೆಯಲು ಕೂತಿದ್ದಳು. ಹಿಂದಿನ ಗೋಡೆ ಅವಳ ಮೇಲೆ ಬಿತ್ತು.

ಹಳ್ಳದ ಮನೆಗಳಲ್ಲಿ ಬದುಕುಳಿದವರು ಶೆಡ್ಡುಗಳಲ್ಲಿದ್ದರು. ಹಳ್ಳಕ್ಕೊಂದು ತಡೆಗೋಡೆ ಕಟ್ಟಿ ಅದೇ ಜಾಗದಲ್ಲಿ ಮನೆ ಎಬ್ಬಿಸುವ ಮಾತು ನಡೆದಿತ್ತು. ನಾವು ವಾಪಸಾದ ಮೇಲೆ ಗ್ರಾಮಸಭೆ. ನೀರಿನ ದಾರಿ ಎಲ್ಲಿಂದ ಎಲ್ಲಿಯವರೆಗೆ ಎಂದು ಬಲ್ಲವನು ಊರಲ್ಲಿ ಒಬ್ಬನೇ, ಅವನೋ ದೋಣಿ ಎನಿಸಿಕೊಂಡ ದಿನದಿಂದ ಯಾವ ಸಭೆಯಲ್ಲೂ ತುಟಿ ಬಿಚ್ಚಿಲ್ಲ. ನೇಪಾಳದಲ್ಲಿ ಹೊಳೆ ಪಕ್ಕದಲ್ಲೇ ಬದುಕುವ ಜನ ಹೇಗೆ ಊರು ಕಟ್ಟಿಕೊಳ್ಳುತ್ತಾರೆಂದು ನೋಡಿ ಬಂದರೆ ರುದ್ರಣ್ಣ ಮತ್ತೆ ಮಾತಾಡಿಯಾನು ಎಂಬುದು ಕವಿತಾಳ ಆಸೆ. ನನ್ನನ್ನು ಕಳಿಸಿದ್ದು ಪಂಚಾಯಿತಿ. ಬಂದು ವರದಿ ಹೇಳಲು ಒಂದು ಬಾಯಿ ಬೇಕಂತೆ.

ಗಡಿ

ರೈಲುಗಳಲ್ಲಿ ಎಷ್ಟು ಹೊತ್ತು ಕೂತೆವೆಂದು ಸೊಂಟವನ್ನು ಕೇಳಿ. ಅಲ್ಲೆಲ್ಲ ರುದ್ರಣ್ಣ ಮಾತಾಡಿದ್ದು ಕಿಟಕಿಯಾಚೆಯ ನೀರಿನ ಬಗ್ಗೆ ಮಾತ್ರ. ಈ ಕಾಲುವೆಗೆ ಇಳುಕಲು ಸಾಲದು, ಆ ಸೇತುವೆಯ ಕಣ್ಣು ಚಿಕ್ಕದಾಯಿತು, ಹೀಗೆ. ನಾನು ಎದುರು ಕೂತು ಊರಿನ ಎಲ್ಲ ಸುದ್ದಿ ಹೇಳಿದೆ, ಹೇಳಬೇಕಾದ ಒಂದನ್ನು ಬಿಟ್ಟು.

ಗಡಿಯ ಹತ್ತಿರ ಬರುವಾಗ ನನ್ನ ಹಳೆ ಚಾಳಿ ಕೆರಳಿತು. ದೇಶ ಬಿಡುವ ಮುಂಚೆ ರಾಷ್ಟ್ರಗೀತೆ ಹಾಡಬೇಕು, ಹಾಡದವರನ್ನು ವಾಪಸ್ ಕಳಿಸುತ್ತಾರೆ ಎಂದೆ. ರುದ್ರಣ್ಣ ಚೆಕ್‌ಪೋಸ್ಟಿನ ಮುಂದೆ ಚಪ್ಪಲಿ ಬಿಟ್ಟು, ಕೈ ಇಳಿಬಿಟ್ಟು, ಶುರು ಮಾಡಿಯೇಬಿಟ್ಟ. ಕಾವಲಿನ ಸಿಪಾಯಿ ಪಾಪ ಏನು ಮಾಡಿಯಾನು, ಅವನೂ ನೆಟ್ಟಗೆ ನಿಂತ. ಸೈಕಲ್ಲಿನವರು ಇಳಿದು ನಿಂತರು. ಈರುಳ್ಳಿ ಗಾಡಿ ನಿಂತಿತು. ಗೀತೆ ಮುಗಿಯುವವರೆಗೆ ಎರಡು ದೇಶಗಳ ನಡುವಿನ ಓಡಾಟವೇ ನಿಂತಿತು.

ಇದೆಲ್ಲ ಯಾಕೆ ಎಂದು ಸಿಪಾಯಿ ಕೇಳಿದ. ಕವಿತಾ ಅದನ್ನು ಕನ್ನಡದಲ್ಲಿ ಹೇಳಿದಳು. ರುದ್ರಣ್ಣ ನನ್ನ ಕಡೆ ಕೈ ತೋರಿಸಿದ.

"ಇವ್ನು ಹೇಳ್ದ. ಇವ್ನು ಹೇಳಿದ್ನ ನಮ್ಮೂರಾಗೆ ಎಲ್ರೂ ನಂಬ್ತಾರೆ."

ಕುಹಕವಿಲ್ಲದೆ, ಇದ್ದದ್ದನ್ನು ಹೇಳಿದ ಹಾಗೆ ಹೇಳಿದ. ನಗಲು ತೆರೆದ ಬಾಯನ್ನು ಮುಚ್ಚಿಕೊಂಡು ನಾನು ಗಡಿ ದಾಟಿದೆ.

ಮೊದಲ ದಿನ: ಬೂದಿಯ ಹೊಳೆ

ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ಫೋನಿನಲ್ಲಿ ಹುಡುಕಿ ನನ್ನ ಸುಳ್ಳು ಹಿಡಿಯಲು ಹೊರಡುತ್ತೀರಿ. ನೇಪಾಳ ಎಂದರೆ ಹಿಮದ ಬೆಟ್ಟ ಎಂದುಕೊಂಡು ನಾನು ಎರಡು ಸ್ವೆಟರ್ ತಂದಿದ್ದೆ. ಮೇಷ್ಟ್ರ ಶಾಪ. ಅಲ್ಲಿ ನೋಡಿದರೆ ನೆಲ ಅಂಗೈಯಷ್ಟು ಚಪ್ಪಟೆ, ಹಿರಿಯೂರಿನ ಬೇಸಿಗೆಯಂಥ ಸೆಖೆ. ಪಕ್ಕದಲ್ಲಿ ಕರ್ನಾಲಿ ಹೊಳೆ, ಆಚೆ ದಡ ಕಣ್ಣಿಗೆ ಸಿಗುವುದಿಲ್ಲ. ನಮ್ಮ ವೇದಾವತಿ ಅದರ ಮುಂದೆ ಬಚ್ಚಲ ನೀರು.

ಅಲ್ಲಿಯವರು ಥಾರು ಜನ. ಮಣ್ಣಿನ ಗೋಡೆ, ಮನುಷ್ಯನೆತ್ತರದ ಮಣ್ಣಿನ ಕಣಜ, ಗುಡಿಸಿ ಸಾರಿಸಿದ ಅಂಗಳ. ಊಟಕ್ಕೆ ಬಸವನ ಹುಳು ಬೇಯಿಸಿ, ಚಿಪ್ಪನ್ನು ತುಟಿಗಿಟ್ಟು ಸುರ್ರೆಂದು ಎಳೆಯುತ್ತಾರೆ. ಇಡೀ ಪಂಕ್ತಿ ಒಟ್ಟಿಗೆ ಎಳೆದಾಗ ನನ್ನ ಹಳೇ ಆಂಪ್ಲಿಫೈಯರ್ ಕೆಟ್ಟಾಗಿನ ಸದ್ದು. ನಾನು ಲಿಂಗ ಕಟ್ಟಿದವನು, ತಿನ್ನುವುದಿಲ್ಲ ಎಂದೆ. ಮನೆಯಾಕೆ ನನಗೆ ಏನು ಕಾಯಿಲೆ ಎಂದು ಕವಿತಾಳನ್ನು ಮರುಕದಿಂದ ವಿಚಾರಿಸಿ ಗಂಜಿ ಕೊಟ್ಟಳು.

ಊರಿಗೆ ಒಬ್ಬ ಯಜಮಾನ, ಬಡಘರ್ ಎನ್ನುತ್ತಾರೆ. ವರ್ಷಕ್ಕೊಮ್ಮೆ ಮನೆಮನೆಯವರು ಕೂತು ಆರಿಸುತ್ತಾರೆ. ನಮ್ಮ ನೀರುಗಂಟಿಯ ಹಾಗೆ ಕಾಲುವೆ ನೋಡಿಕೊಳ್ಳುವವನೂ ಒಬ್ಬನಿದ್ದಾನೆ. ಅವನನ್ನು ಚೌಧರಿ ಎನ್ನುತ್ತಿದ್ದರು. ರುದ್ರಣ್ಣನ ಪಾದ ನೋಡಿದವನೇ ಚೌಧರಿ ತನ್ನ ಪಾದ ತೋರಿಸಿದ. ಇಬ್ಬರ ಬೆರಳ ಸಂದಿಗಳೂ ಕೆಸರು ನೀರಿಗೆ ಬೆಂದು ಬಿಳಿಚಿದ್ದವು. ಒಬ್ಬರ ಭಾಷೆ ಒಬ್ಬರಿಗೆ ಬರದು. ಅದಾದ ಮೇಲೆ ಇಬ್ಬರೂ ಜೊತೆ ಬಿಡಲಿಲ್ಲ.

ಮಧ್ಯಾಹ್ನ ಹೆಂಗಸರು ಅಂಗಳದಲ್ಲಿ ಊರಿನ ನಕ್ಷೆ ಬರೆದರು. ಬೂದಿಯಿಂದ ಹೊಳೆ, ಇಟ್ಟಿಗೆ ಪುಡಿಯಿಂದ ದಾರಿ, ಕಾಳುಗಳಿಂದ ಮನೆ. ಹೋದ ಸಲ ನೀರು ಎಲ್ಲಿಯವರೆಗೆ ಬಂತೋ ಅಲ್ಲಿಗೆ ನೀಲಿ ಪುಡಿ. ನಡೆಯಲಾರದ ಮುದುಕರಿದ್ದ ಮನೆಗೆ ಒಂದು ಎಲೆ, ಬಸುರಿ ಇದ್ದ ಮನೆಗೆ ಒಂದು ಹೂವು. ನಮ್ಮ ಕಡೆಯ ಹೆಂಗಸರ ರಂಗೋಲಿ ನೋಡಿದರೆ ನೀವು ಈ ಬೂದಿ ಬಿಸಾಡುತ್ತೀರಿ ಎಂದು ನಾನು ಕೊಚ್ಚಿಕೊಂಡೆ. ಹಾಗಾದರೆ ನಿಮ್ಮೂರನ್ನು ಬರೆಯಿರಿ ಎಂದರು.

ಬರೆದವನು ರುದ್ರಣ್ಣ. ಕುಕ್ಕರಗಾಲಲ್ಲಿ ಕೂತು ಕೆರೆ ಬರೆದ, ಏರಿ ಬರೆದ, ತೂಬು, ಕೋಡಿ. ಕೋಡಿಯಿಂದ ಕೆಳಕ್ಕೆ ಬೂದಿಯನ್ನು ಬೆರಳ ಸಂದಿಯಿಂದ ಬಿಡುತ್ತಾ ಹಿಂದಕ್ಕೆ ಹಿಂದಕ್ಕೆ ಸರಿದ. ಹಳ್ಳ ಎಲ್ಲಿ ಅಗಲ, ಎಲ್ಲಿ ಸೊಂಟದ ಹಾಗೆ ಕಿರಿದು, ಎಲ್ಲಿ ಬಂಡೆಗೆ ಬಡಿದು ಹೊರಳುತ್ತದೆ, ಎಲ್ಲಾ ಬಂತು. ನಾನು ಆ ಊರಲ್ಲಿ ಹುಟ್ಟಿದವನು. ಆ ಹಳ್ಳವನ್ನು ಅವತ್ತೇ ಮೊದಲು ನೋಡಿದ್ದು. ಆಮೇಲೆ ಬೂದಿಯ ಮೇಲೆ ಒಂದೊಂದೇ ಕಲ್ಲಿಟ್ಟು ಮನೆ ಮಾಡಿದ. ಎಲ್ಲಾ ಇಟ್ಟಾದ ಮೇಲೂ ಅವನ ಬಲಗೈ ಮುಷ್ಟಿಯಾಗೇ ಇತ್ತು. ಕೈಯಲ್ಲಿ ಏನು ಎಂದು ಚೌಧರಿ ಸನ್ನೆಯಲ್ಲಿ ಕೇಳಿದ.

"ಅದು ಮಗಳ ಮನೆ" ಎಂದ ರುದ್ರಣ್ಣ. ಕವಿತಾ ಅದನ್ನು ಹಿಂದಿಯಲ್ಲಿ ಹೇಳಿದಳು.

ಮನೆ ಕಟ್ಟುವ ಮುಂಚೆ ಇವನು ಹೇಳಲಿಲ್ಲವೆ ಎಂದು ಬಡಘರ್ ಕೇಳಿದ. ಹೇಳಿದ್ದ ಎಂದಳು ಕವಿತಾ. ಸಭೆ ಏನೆಂದಿತು ಎಂದು ಕೇಳಿದ. ಅವಳು ನಮ್ಮ ಜಿಲ್ಲೆಯವಳು, ಆ ದೋಣಿಯ ಕಥೆ ಅವಳಿಗೂ ಗೊತ್ತು. ಅವಳು ನನ್ನ ಕಡೆ ನೋಡದಿರಲು ಪಟ್ಟ ಕಷ್ಟ ನನಗೆ ಕಾಣಿಸಿತು. ನಾನು ಗಂಟಲಲ್ಲಿ ಗಂಜಿ ಸಿಕ್ಕಿದವನ ಹಾಗೆ ಕೆಮ್ಮಿ ಎದ್ದು ಹೋದೆ.

ಆಮೇಲೆ ತಿಳಿದದ್ದು ಆ ಊರಿನ ಒಂದು ಕಟ್ಟಳೆ. ಇಲ್ಲಿ ನೀರು ಬರುತ್ತದೆ ಎಂದು ಸಭೆಯಲ್ಲಿ ಯಾರೇ ಹೇಳಲಿ, ಅವತ್ತು ಅದಕ್ಕೆ ಯಾರೂ ಉತ್ತರ ಕೊಡುವಂತಿಲ್ಲ. ಹೌದು ಎನ್ನುವಂತಿಲ್ಲ, ಅಲ್ಲ ಎನ್ನುವಂತಿಲ್ಲ. ಮಾರನೇ ಬೆಳಿಗ್ಗೆ ಮನೆಗೊಬ್ಬರು ಬಂದು ಅವನು ಹೇಳಿದ ಜಾಗದುದ್ದಕ್ಕೂ ಅವನ ಹಿಂದೆ ನಡೆಯಬೇಕು. ಮಾತು ಆಮೇಲೆ. ಹೇಳಿದವನು ಹುಚ್ಚನಾಗಿದ್ದರೆ ಎಂದು ಕೇಳಿದೆ. ಹುಚ್ಚನ ಹಿಂದೆಯೂ ನಡೆದಿದ್ದೇವೆ, ಹಸಿವು ಚೆನ್ನಾಗಿ ಆಗುತ್ತದೆ ಎಂದ ಬಡಘರ್. ಎಲ್ಲರೂ ನಕ್ಕರು. ನಾನು ಆ ಪ್ರವಾಸದಲ್ಲಿ ಮೊದಲ ಸಲ ನಗಲು ತಡಮಾಡಿದೆ.

ಎರಡನೇ ದಿನ: ಖಾಲಿ ಅಂಗಳ

ಮಳೆಗಾಲದ ಮುಂಚೆ ಅವರು ಪ್ರವಾಹದ ತಾಲೀಮು ಮಾಡುತ್ತಾರೆ, ನಮ್ಮಲ್ಲಿ ನಾಟಕದ ತಾಲೀಮು ಮಾಡುವ ಹಾಗೆ. ಹೊಳೆಯ ಮೇಲ್ಭಾಗದಲ್ಲಿ ಒಬ್ಬ ನೀರಿನ ಮಟ್ಟ ತೋರಿಸುವ ಬಣ್ಣದ ಕಂಬ ನೋಡಿ ಫೋನ್ ಮಾಡುತ್ತಾನೆ. ಇಲ್ಲಿ ಒಬ್ಬಳು ಕೈಯಿಂದ ಸೈರನ್ ತಿರುಗಿಸುತ್ತಾಳೆ, ಶಾವಿಗೆ ಒತ್ತುವ ಮಿಷನ್ನಿನಂಥದ್ದೇ ಹಿಡಿಕೆ. ಕರೆಂಟಿಲ್ಲದೆ ನನ್ನ ನಾಲ್ಕು ಹಾರ್ನಿಗಿಂತ ದೂರ ಕೇಳಿಸಿತು. ಹೊಟ್ಟೆಯುರಿಯಿತು.

ಬೆಳಿಗ್ಗೆ ಬಡಘರ್ ಕವಿತಾಳಿಗೆ ಏನೋ ಹೇಳಿದ. ಅವಳು ನನ್ನತ್ತ ತಿರುಗಿದಳು. "ತಾತ, ತಾಲೀಮಿಗೆ ಒಬ್ಬ ಮನುಷ್ಯ ಬೇಕಂತೆ. ನೀರೂ ಬರಲ್ಲ ಏನೂ ಬರಲ್ಲ ಅಂತ ಗೇಲಿ ಮಾಡ್ಕೊಂಡು ಕೂತಿರೋನು. ಯಾವಾಗ್ಲೂ ಆ ಪಾರ್ಟು ಮಾಡೋನು ಈ ಸಲ ಹೆಂಡ್ತಿ ಊರಿಗೆ ಹೋಗಿದಾನಂತೆ."

ಇನ್ನೊಮ್ಮೆ ಕೇಳಿಸಿಕೊಂಡೆ. ಹೌದು. ಯಾವ ಊರಲ್ಲೂ ಇಂಥವನು ಒಬ್ಬ ಇದ್ದೇ ಇರುತ್ತಾನೆ ಎಂದು ಅವರು ಮೊದಲೇ ಲೆಕ್ಕ ಹಾಕಿದ್ದರು. ಬಸುರಿಗೆ ಹೂವು, ಮುದುಕರಿಗೆ ಎಲೆ ಇಟ್ಟ ಹಾಗೆ ಅವನಿಗೂ ಯೋಜನೆಯಲ್ಲಿ ಒಂದು ಜಾಗ ಇಟ್ಟಿದ್ದರು. ಅವನ ಜೊತೆ ವಾದ ಮಾಡಬಾರದು. ಅವನ ಮೇಕೆ ಬಿಚ್ಚಿಕೊಂಡು ಹೋಗಬೇಕು. ಮೇಕೆಯ ಹಿಂದೆ ಅವನು ಬಂದೇ ಬರುತ್ತಾನೆ.

ನಾನು ಒಪ್ಪಿದೆ. ಈ ಪಾರ್ಟಿಗೆ ನನಗಿಂತ ಅನುಭವಸ್ಥ ಎರಡೂ ದೇಶದಲ್ಲಿ ಸಿಗುವುದಿಲ್ಲ ಎಂದು ಹೇಳಿ, ಅಂಗಳದ ಹೊರಸಿನ ಮೇಲೆ ಕಾಲು ಚಾಚಿ ಕೂತೆ. ಹೊರಸಿನ ಕಾಲಿಗೆ ಒಂದು ಮೇಕೆ ಕಟ್ಟಿದರು. ಸೈರನ್ ಕೂಗಿತು. ಜನ ಓಡಲು ಶುರು ಮಾಡಿದರು, ಗಂಟು, ಮಕ್ಕಳು, ಬೆನ್ನ ಬುಟ್ಟಿಯಲ್ಲಿ ಕೂತ ಮುದುಕಿ. ನಾನು ಕನ್ನಡದಲ್ಲೇ ಶುರು ಮಾಡಿದೆ. "ಎಲ್ಲೈತ್ರಿ ನೀರು? ಬರ್ರಿ, ಕುಂತ್ಕಳ್ರಿ. ದೋಣಿ ತರಸ್ತೀನಿ." ಕೈ ಬೀಸಿ ದೋಣಿ ಹುಟ್ಟು ಹಾಕಿ ತೋರಿಸಿದೆ. ಭಾಷೆ ಗೊತ್ತಿಲ್ಲದಿದ್ದರೂ ನಕ್ಕರು, ನನ್ನ ತಾಕತ್ತು ಅಂಥದ್ದು. ಆದರೆ ನಗುತ್ತಲೇ ಓಡಿದರು. ಒಬ್ಬರ ಕಾಲೂ ನಿಲ್ಲಲಿಲ್ಲ. ನಮ್ಮೂರಲ್ಲಿ ನಕ್ಕವರು ಕೂತುಬಿಟ್ಟಿದ್ದರು.

ಒಬ್ಬ ಮುದುಕಿ ಬಂದು, ನನ್ನ ಮುಖ ಕೂಡ ನೋಡದೆ, ಮೇಕೆ ಬಿಚ್ಚಿಕೊಂಡು ನಡೆದಳು. ಮೇಕೆ ನನ್ನದಲ್ಲವಲ್ಲ, ನಾನು ಏಳಲಿಲ್ಲ. ಸ್ವಲ್ಪ ಹೊತ್ತಿಗೆ ಸೈರನ್ ನಿಂತಿತು. ಅಂಗಳದಲ್ಲಿ ನಿನ್ನೆಯ ಬೂದಿಯ ಹೊಳೆ ತುಳಿದಾಟಕ್ಕೆ ಕದಡಿ ಎಲ್ಲೆಲ್ಲೂ ಹರಡಿತ್ತು. ಒಂದು ಬಾಗಿಲು ಗಾಳಿಗೆ ತೆರೆದು ಮುಚ್ಚುತ್ತಿತ್ತು. ಎಪ್ಪತ್ತು ವರ್ಷದಲ್ಲಿ ಮೊದಲ ಸಲ ನನ್ನೆದುರು ಕೇಳುವವರು ಯಾರೂ ಇರಲಿಲ್ಲ. ಮಂಜುಳ ಎಮ್ಮೆಯ ಪಕ್ಕ ಕೂತಾಗ ಸದ್ದು ಯಾವ ದಿಕ್ಕಿನಿಂದ ಬಂದಿರಬಹುದು ಎಂದು ಯೋಚನೆ ಬಂತು. ಬೇಡವೆಂದರೂ ಹೋಗಲಿಲ್ಲ.

ಆಗ ರುದ್ರಣ್ಣ ವಾಪಸ್ ಬಂದ. ಎಲ್ಲರೂ ಹೋದ ದಿಕ್ಕಿನಿಂದ ಒಬ್ಬನೇ, ಟವೆಲ್ಲು ಕೊರಳಿಗೆ ಸುತ್ತಿಕೊಂಡು.

"ಏಳು ಬಸಣ್ಣ. ಹೋಗಾಣ."

"ಇದು ಆಟ ಕಣೋ. ನಾನು ಕೊನೆತಂಕ ಕುಂತಿರ್ಬೇಕು."

"ಗೊತ್ತೈತೆ. ಏಳು. ಯಾರೂ ಕುಂತಿರಬಾರ್ದು."

ಅವನೇ ರಟ್ಟೆ ಹಿಡಿದು ಎಬ್ಬಿಸಿದ. ಎಲ್ಲರೂ ಸೇರಿದ್ದ, ಎತ್ತರಿಸಿದ ಮಣ್ಣಿನ ದಿಬ್ಬದವರೆಗೆ ಹಾಗೇ ಹಿಡಿದುಕೊಂಡು ನಡೆಸಿದ. ದಾರಿಯಲ್ಲಿ ಹೇಳಿಬಿಟ್ಟೆ. "ರುದ್ರಣ್ಣ, ಅವತ್ತು ಮೈಕ್ನಾಗೆ ನಾನು ಅಂದಿದ್ದು..."

"ಇಲ್ಲಿ ಯಾಕೆ ಹೇಳ್ತೀಯಪ್ಪ" ಎಂದ, ನಿಲ್ಲದೆ. "ಇಲ್ಲಿ ಯಾರಿಗೂ ಕನ್ನಡ ಬರಲ್ಲ. ಎಲ್ಲಿ ಅಂದ್ಯೋ ಅಲ್ಲಿ ಹೇಳು. ಅದೇ ಮೈಕ್ನಾಗೆ."

ವಾಪಸ್

ಗ್ರಾಮಸಭೆಯ ದಿನ ನಾನೇ ಹಾರ್ನು ಕಟ್ಟಿದೆ. ನೇಪಾಳದ ವರದಿ ಕೇಳಲು ಜನ ಚೆನ್ನಾಗಿಯೇ ಸೇರಿದ್ದರು. ಬಸಣ್ಣ ವಿದೇಶಕ್ಕೆ ಹೋಗಿ ಬಂದಿದ್ದಾನೆ, ಹೊಟ್ಟೆ ಹುಣ್ಣಾಗುವಷ್ಟು ನಗಿಸುತ್ತಾನೆ ಎಂದು ಮಕ್ಕಳನ್ನೂ ಕರೆತಂದಿದ್ದರು. "ಮಹಾಜನರಲ್ಲಿ ವಿನಂತಿ" ಎಂದೆ. ಆಗಲೇ ಮುಂದಿನ ಸಾಲಿನವರು ನಗಲು ಶುರು ಮಾಡಿದರು.

"ಇದೇ ಮೈಕ್ನಾಗೆ ನಾನು ಅವತ್ತು ರುದ್ರಣ್ಣನ ಬಾಯಿ ಮುಚ್ಚಿಸ್ದೆ. ಅವ್ನು ಅಂದಿದ್ದು ನಿಜ ಇತ್ತು. ನಾನು ನಗಿಸ್ದೆ, ನೀವು ನಕ್ರಿ, ಮಂಜುಳ ಹೋದ್ಲು. ಈಗ ಯಾರೂ ಏನೂ ಅನ್ಬ್ಯಾಡ್ರಿ. ನಾಳೆ ಬೆಳಿಗ್ಗೆ ಮನೆಗೊಬ್ರು ಅವ್ನ ಹಿಂದೆ ಹಳ್ಳದಾಗೆ ನಡೀರಿ. ಮಾತು ಆಮ್ಯಾಲೆ."

ಇನ್ನೂ ಒಂದು ಮಾತು ಸೇರಿಸಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಹಿಂದಿನಿಂದ ಯಾರೋ ಕೂಗಿದರು, "ದೋಣಿ ತರಬೇಕೇನ್ರಿ?" ಅಲ್ಲಲ್ಲಿ ನಾಲ್ಕು ಜನ ನಕ್ಕರು. ಅದು ನನ್ನದೇ ಜೋಕು. ಉತ್ತರ ಕೊಡುವುದು ನನಗೆ ಎಡಗೈ ಕೆಲಸ. ಕೊಡಲಿಲ್ಲ. ಮೈಕನ್ನು ರುದ್ರಣ್ಣನ ಕೈಗೆ ಕೊಡಲು ಹೋದೆ, ಅವನು ಮುಟ್ಟಲಿಲ್ಲ. ಎದ್ದು ನಿಂತು ಬರಿ ಬಾಯಲ್ಲಿ ಹೇಳಿದ, "ಬರೋರು ಬರ್ರಿ."

ಮಾರನೇ ಬೆಳಿಗ್ಗೆ ಮನೆಗೊಬ್ಬರು ಬರಲಿಲ್ಲ. ಹದಿನಾಲ್ಕು ಜನ ಬಂದರು. ಪಂಚಾಯಿತಿಯ ಕಾರ್ಯದರ್ಶಿ ಬಂದರು, ಚಪ್ಪಲಿ ಕೈಯಲ್ಲಿ ಹಿಡಿದು. ರುದ್ರಣ್ಣ ಕೋಡಿಯಿಂದ ಶುರು ಮಾಡಿದ. ಜಾಲಿ ಮರದ ಬೊಡ್ಡೆಯಲ್ಲಿ ಸಿಕ್ಕ ಹಳೇ ಮರಳು ತೋರಿಸಿದ, ಬಂಡೆಯ ಮೇಲೆ ನೀರು ಉಜ್ಜಿದ ಗೆರೆ ತೋರಿಸಿದ. ಅವನು ಕೈ ತೋರಿಸಿದಲ್ಲೆಲ್ಲ ನಾನು ಬಕೆಟ್ಟಿನಿಂದ ಸುಣ್ಣ ಹಾಕುತ್ತಾ ಹೋದೆ. ಅವನ ಮಾತಿಗೆ ಸುಣ್ಣ ಹೊರುವುದು, ಅಷ್ಟೇ ಅವತ್ತಿನ ನನ್ನ ಕೆಲಸ.

ಮಂಜುಳಳ ಮನೆಯ ಹೊಸಿಲು ಕಲ್ಲು ಇನ್ನೂ ಅಲ್ಲೇ ಇತ್ತು. ಗೋಡೆಯಿಲ್ಲ, ಬಾಗಿಲಿಲ್ಲ, ಹೊಸಿಲು ಮಾತ್ರ. ರುದ್ರಣ್ಣ ಅದನ್ನು ದಾಟಲಿಲ್ಲ. ಪಕ್ಕದಿಂದ ಸುತ್ತಿಕೊಂಡು ಮೇಲೆ ಹೋಗಿ, "ಇಲ್ಲಿಗೆ ಗೆರೆ ಹಾಕು" ಎಂದ. ಹೊಸಿಲು ಗೆರೆಯಿಂದ ಎಷ್ಟೋ ಕೆಳಗಿತ್ತು. ಅಷ್ಟು ದೊಡ್ಡ ಹಳ್ಳ ಎಲ್ಲರ ಕಣ್ಣೆದುರೇ ಇತ್ತು ಎಂದು ಕಾರ್ಯದರ್ಶಿ ಮೆಲ್ಲಗೆ ಹೇಳಿದರು.

ಮನೆಗಳನ್ನು ಹಳ್ಳದಿಂದಾಚೆಯ ಕಲ್ಲುದಿಬ್ಬದ ಮೇಲೆ ಕಟ್ಟುವ ತೀರ್ಮಾನ ಇನ್ನೂ ಕಾಗದದಲ್ಲೇ ಇದೆ. ಆದರೆ ಸುಣ್ಣದ ಗೆರೆಯ ಕೆಳಗೆ ಇವತ್ತಿನವರೆಗೆ ಯಾರೂ ಪಾಯ ತೋಡಿಲ್ಲ. ಮಳೆ ಬಿದ್ದು ಗೆರೆ ಅಳಿಸಿದಾಗಲೆಲ್ಲ ನಾನು ಹೋಗಿ ಮತ್ತೆ ಹಾಕಿ ಬರುತ್ತೇನೆ.

ಈಗ ಸುಳ್ಳಿನ ವಿಷಯ. ಗಡಿಯ ರಾಷ್ಟ್ರಗೀತೆ ಅಂದುಕೊಂಡಿರಿ, ಅಲ್ಲವೆ? ಅದು ನಿಜ. ಮೇಕೆ ನಿಜ. ಬಸವನ ಹುಳು ನಿಜ. ಮೇಷ್ಟ್ರ ಸ್ವೆಟರ್ ಬೇಕಾದರೆ ಅವರನ್ನೇ ಕೇಳಿ.

ಸುಳ್ಳು ಬರೆದದ್ದು ಒಂದೇ ಕಡೆ. ಅವತ್ತಿನ ಸಭೆಯಲ್ಲಿ ರುದ್ರಣ್ಣನೂ ನಕ್ಕ ಎಂದೆನಲ್ಲ, ಅಲ್ಲಿ. ಮೈಕಿನಲ್ಲಿ ತಪ್ಪೊಪ್ಪಿಕೊಂಡ ದಿನ ನಾನು ಸೇರಿಸಿದ ಮಾತೂ ಅದೇ, "ಅವ್ನೂ ನಕ್ಕಿದ್ದ ಬಿಡ್ರಿ." ಅಷ್ಟು ಜನರ ಮುಂದೆ ನಿಂತಾಗಲೂ ಅದೊಂದನ್ನು ಕೈಬಿಡಲು ನನ್ನಿಂದಾಗಲಿಲ್ಲ. ರುದ್ರಣ್ಣ ಕೇಳಿಸಿಕೊಂಡ, ಅಲ್ಲಗಳೆಯಲಿಲ್ಲ. ಇಷ್ಟು ವರ್ಷ ಎಲ್ಲರಿಗೂ ಹಾಗೇ ಹೇಳಿ ಹೇಳಿ, ಒಂದೊಂದು ಸಲ ನನಗೂ ಅವನ ನಗು ಕೇಳಿಸಿದ ಹಾಗಾಗುತ್ತಿತ್ತು.

ಟವೆಲ್ಲು ಬಾಯಿಗೆ ಹಿಡಿದದ್ದು ನಿಜ. ಅವನು ನಗಲಿಲ್ಲ.